ಆರ್ಯಭಟನ ದೋಣಿ: ಒಂದು ಪಾಠಾಂತರ ಮತ್ತು ಸಾಪೇಕ್ಷ ಚಲನೆಯ ವಿಚಾರ

ಆರ್ಯಭಟೀಯದ ಗೋಲಪಾದದಲ್ಲಿ ಬರುವ ಒಂಬತ್ತನೆಯ ಆರ್ಯೆಯು ಜ್ಯೋತಿರ್ಗ್ರಂಥಗಳ ಪರಿಚಯವುಳ್ಳ ವಿದ್ವಾಂಸರಿಗೆ ವಿದಿತವಾದುದೇ ಆಗಿದೆ. ಮುಂದಕ್ಕೆ ಸಾಗುತ್ತಿರುವ ದೋಣಿಯಲ್ಲಿ ಕುಳಿತವನಿಗೆ ದಡದ ಅಚಲವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುತ್ತವೆ. ಹಾಗೆಯೇ ಲಂಕೆಯಲ್ಲಿ ನಿಂತವನಿಗೆ ಅಚಲವಾದ ನಕ್ಷತ್ರಗಳು ನೇರ ಪಶ್ಚಿಮಕ್ಕೆ ಹೋಗುವಂತೆ ಕಾಣುತ್ತವೆ ಎಂಬುದು ಅದರ ತಾತ್ಪರ್ಯ. ಇಲ್ಲಿ ಲಂಕೆಯೆಂದರೆ ಸಿಂಹಳದ್ವೀಪವಲ್ಲ. ಉಜ್ಜಯಿನಿಯ ಮಧ್ಯರೇಖೆಯು ವಿಷುವದ್‌ವೃತ್ತವನ್ನು ಸಂಧಿಸುವ ಸ್ಥಾನಕ್ಕೆ ಜ್ಯೋತಿಷಿಗಳು ಕೊಟ್ಟ ಹೆಸರು. ಕ್ರಿ.ಶ. 499ರಲ್ಲಿ ತನಗೆ ಇಪ್ಪತ್ತಮೂರು ವರ್ಷ ತುಂಬಿತ್ತೆಂದು ಗ್ರಂಥಕರ್ತನೇ ಹೇಳಿಕೊಂಡಿದ್ದಾನೆ.

ಈ ಆರ್ಯೆಯನ್ನು ಕುರಿತು ಈಚಿನ ದಶಕಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತಿವೆ. ಆಧುನಿಕ ಸಾಪೇಕ್ಷತಾ ಸಿದ್ಧಾಂತವು ಇಲ್ಲಿಯೇ ಬೀಜರೂಪದಲ್ಲಿದೆ ಎಂಬುದು ಒಂದು. ಚಲನೆಯು ಸಾಪೇಕ್ಷವಾದುದರಿಂದ ಭೂಮಿ ತಿರುಗುತ್ತದೆಂದರೂ ಸರಿ, ನಕ್ಷತ್ರಗಳು ತಿರುಗುತ್ತವೆಂದರೂ ಸರಿ, ಪಾಠಾಂತರಗಳ ಜಗಳ ವ್ಯರ್ಥ ಎಂಬುದು ಇನ್ನೊಂದು. ಈ ಎರಡೂ ಮಾತುಗಳು ಪರೀಕ್ಷೆಗೆ ನಿಲ್ಲುವುದಿಲ್ಲವೆಂದು ನನ್ನ ಅಭಿಪ್ರಾಯ. ಮೊದಲು ಪಾಠದ ವಿಷಯವನ್ನೇ ನೋಡೋಣ.

ಗೀತಿಕಾಪಾದದಲ್ಲಿ ಆರ್ಯಭಟನು ಒಂದು ಪ್ರಾಣಕಾಲದಲ್ಲಿ ಒಂದು ಕಲೆಯಷ್ಟು ಚಲಿಸುವ ವಸ್ತುವೊಂದನ್ನು ಹೇಳುತ್ತಾನೆ. ಅಹೋರಾತ್ರಕ್ಕೆ 21,600 ಪ್ರಾಣಗಳು, ವೃತ್ತಕ್ಕೆ 21,600 ಕಲೆಗಳು. ಆದ್ದರಿಂದ ದಿನಕ್ಕೊಂದು ಸುತ್ತು. ಸುತ್ತುವುದು ಯಾವುದು? ‘ಭೂಃ’ ಎಂಬ ಪಾಠವನ್ನು ಹಿಡಿದರೆ ಭೂಮಿ. ‘ಭಂ’ ಎಂಬ ಪಾಠವನ್ನು ಹಿಡಿದರೆ ನಕ್ಷತ್ರಚಕ್ರ. ಪರಮೇಶ್ವರನ ಭಟದೀಪಿಕೆಯೊಡನೆ ಕೆರ್ನ್ ಪಂಡಿತನು 1874ರಲ್ಲಿ ಲೈಡನ್ನಿನಲ್ಲಿ ಅಚ್ಚುಹಾಕಿಸಿದ ಆವೃತ್ತಿಯಲ್ಲಿರುವುದು ‘ಭಂ’. ಆದರೆ ಬ್ರಹ್ಮಗುಪ್ತನು 628ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತದ ಹನ್ನೊಂದನೆಯ ಅಧ್ಯಾಯದಲ್ಲಿ ಇದೇ ಮಾತನ್ನೆತ್ತಿ ಖಂಡಿಸುವಾಗ ‘ಭೂಃ’ ಎಂದೇ ಉಲ್ಲೇಖಿಸುತ್ತಾನೆ. ಮೂಲಕ್ಕೂ ಈ ಉಲ್ಲೇಖಕ್ಕೂ ನಡುವೆ ನೂರಮೂವತ್ತು ವರ್ಷಗಳ ಅಂತರವೂ ಇಲ್ಲ.

ಗ್ರಂಥಸಂಪಾದನೆಯ ದೃಷ್ಟಿಯಿಂದ ಇದೊಂದು ಸ್ವಾರಸ್ಯವಾದ ಸ್ಥಳ. ಎರಡು ರೂಪಗಳೂ ಒಂದೊಂದು ಗುರು. ಮಾತ್ರಾವೃತ್ತವಾದುದರಿಂದ ಯಾವುದನ್ನಿಟ್ಟರೂ ಛಂದಸ್ಸು ಕೆಡುವುದಿಲ್ಲ. ಆದಕಾರಣ ಛಂದಸ್ಸಿನ ಸಾಕ್ಷ್ಯ ಇಲ್ಲಿ ಮೌನವಾಗಿದೆ. ದಕ್ಷಿಣದ ಲಿಪಿಗಳ ಓಲೆಗರಿಗಳಲ್ಲಿ ‘ಭೂಃ’ ಎಂಬುದು ‘ಭಂ’ ಎಂದಾಗಬೇಕಾದರೆ ದೀರ್ಘದ ಕೊಂಬು ಬಿದ್ದುಹೋಗಬೇಕು, ವಿಸರ್ಗದ ಎರಡು ಸೊನ್ನೆಗಳು ಒಂದಾಗಬೇಕು. ಲಿಪಿಕಾರನ ಕಣ್ತಪ್ಪಿನಿಂದ ಇವೆರಡೂ ಒಟ್ಟಿಗೆ ನಡೆಯುವುದು ಅಸಂಭವವಲ್ಲ. ಆದರೆ ಆ ತಪ್ಪಿನಿಂದ ಹುಟ್ಟಿದ ರೂಪವು ಸರ್ವಸಮ್ಮತವಾದ ಅರ್ಥವನ್ನೇ ಕೊಡುವುದು ತೀರ ಅನುಕೂಲದ ಆಕಸ್ಮಿಕ. ತನಗೆ ಒಪ್ಪದ ಅರ್ಥವನ್ನು ಓದುಗನು ತಿದ್ದಿಕೊಂಡ ಗುರುತು ಇಲ್ಲಿದೆಯೆಂದೇ ತೋರುತ್ತದೆ. ಕ್ಲಿಷ್ಟವಾದ ಪಾಠ ಸುಲಭವಾಗುವುದು ಸಹಜ. ಸುಲಭವಾದುದು ಕ್ಲಿಷ್ಟವಾಗುವುದು ಅಪೂರ್ವ.

ಬ್ರಹ್ಮಗುಪ್ತನು ಪ್ರತಿವಾದಿ, ಖಂಡಿಸುವ ಆತುರದಲ್ಲಿ ಅವನೇ ಪಾಠವನ್ನು ಬದಲಿಸಿರಬಾರದೇಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಅಂತಃಪ್ರಮಾಣವೇ ಉತ್ತರ. ಅದೇ ಗೀತಿಕಾಪಾದದಲ್ಲಿ ಯುಗವೊಂದಕ್ಕೆ 1,58,22,37,500 ಪೂರ್ವಾಭಿಮುಖ ಭ್ರಮಣಗಳನ್ನು ‘ಕು’ ಎಂಬ ಪದದೊಡನೆ ಹೇಳಿದೆ. ‘ಕು’ ಎಂದರೆ ಭೂಮಿ. ಇದರಿಂದ ಯುಗದ 43,20,000 ಸೌರವರ್ಷಗಳನ್ನು ಕಳೆದರೆ 1,57,79,17,500 ಸಾವನದಿನಗಳು ದೊರೆಯುತ್ತವೆ. ಸಂಖ್ಯೆ ಶುದ್ಧವಾಗಿದೆ ಎಂಬುದಕ್ಕೆ ಇದು ಸಾಕು. ದಿನಗಳನ್ನು ಭ್ರಮಣಗಳಿಂದ ಭಾಗಿಸಿದರೆ ಒಂದು ಭ್ರಮಣಕ್ಕೆ 23 ಗಂಟೆ 56 ನಿಮಿಷ 4.1 ಸೆಕೆಂಡು ಬರುತ್ತದೆ. ಇಂದಿನ ಮಾನವೂ ಇದೇ. ಗೋಲಪಾದದ ದೋಣಿಯ ಆರ್ಯೆಯಲ್ಲಂತೂ ನಕ್ಷತ್ರಗಳಿಗೆ ‘ಅಚಲ’ವೆಂಬ ವಿಶೇಷಣವೇ ಇದೆ. ಇಷ್ಟಿದ್ದರೂ ಮುಂದಿನ ಆರ್ಯೆಯಲ್ಲಿ ಪ್ರವಹವಾಯುವು ನಕ್ಷತ್ರಪಂಜರವನ್ನು ಪಶ್ಚಿಮಕ್ಕೆ ತಿರುಗಿಸುತ್ತದೆಂದು ಹೇಳಿರುವುದರಿಂದ ವ್ಯಾಖ್ಯಾನಕಾರರಿಗೆ ಎಡೆ ದೊರೆಯಿತು. ಭೂಮಿಯು ವಸ್ತುತಃ ನಿಶ್ಚಲವೆಂದೂ ಅದರ ಚಲನೆಯ ಮಾತು ಮಿಥ್ಯಾಜ್ಞಾನವೆಂದೂ ಪರಮೇಶ್ವರನು ಸಮಾಧಾನ ಹೇಳಿದ್ದಾನೆ.

ಆ ಆಚಾರ್ಯರನ್ನು ಹಗುರವಾಗಿ ಕಾಣುವುದು ತರವಲ್ಲ. ಅವರ ಆಕ್ಷೇಪಗಳು ಬಲವಾದವು. ಭೂಮಿ ತಿರುಗುವುದಾದರೆ ಆಕಾಶಕ್ಕೆ ಹಾರಿದ ಗಿಡುಗಗಳು ಮರಳಿ ತಮ್ಮ ಗೂಡುಗಳನ್ನು ಸೇರಲಾರವೆಂದು ವರಾಹಮಿಹಿರನು ಪಂಚಸಿದ್ಧಾಂತಿಕೆಯಲ್ಲಿ ಹೇಳಿದನು. ಮೇಲಕ್ಕೆ ಬಿಟ್ಟ ಬಾಣ ಪಶ್ಚಿಮಕ್ಕೆ ಬೀಳಬೇಕು, ಮೋಡಗಳೆಲ್ಲ ಪಶ್ಚಿಮಕ್ಕೇ ಓಡಬೇಕು ಎಂದು ಲಲ್ಲನು ಸೇರಿಸಿದನು. ಲೆಕ್ಕಹಾಕಿ ನೋಡಿದರೆ ಇದರ ತೂಕ ತಿಳಿಯುತ್ತದೆ. ಒಂದು ಪ್ರಾಣವೆಂದರೆ ಸುಮಾರು ನಾಲ್ಕು ಸೆಕೆಂಡು. ವಿಷುವದ್‌ವೃತ್ತದ ಮೇಲೆ ಒಂದು ಕಲೆಯೆಂದರೆ ಸುಮಾರು 1.85 ಕಿಲೋಮೀಟರು. ಕಾಲು ಘಟಿಕೆ, ಅಂದರೆ 90 ಪ್ರಾಣಗಳ ಕಾಲ, ಆಕಾಶದಲ್ಲಿದ್ದ ಹಕ್ಕಿಯ ಗೂಡು ಅಷ್ಟರಲ್ಲಿ ಸುಮಾರು 167 ಕಿಲೋಮೀಟರು ಪೂರ್ವಕ್ಕೆ ಹೋಗಿರಬೇಕು!

ಪಕ್ಷದಲ್ಲಿ ನಿಂತವರೂ ಇದ್ದರು. ಬ್ರಹ್ಮಗುಪ್ತನಿಗೆ ವ್ಯಾಖ್ಯಾನ ಬರೆದ ಒಂಬತ್ತನೆಯ ಶತಮಾನದ ಪೃಥೂದಕಸ್ವಾಮಿಯು ಈ ಸ್ಥಳದಲ್ಲಿ ಮೂಲಕಾರನನ್ನು ಬಿಟ್ಟು ಆರ್ಯಭಟನ ಕಡೆ ಸೇರುತ್ತಾನೆ. ಭೂಮಿ ತಿರುಗಿದರೆ ಎತ್ತರದ ವಸ್ತುಗಳು ಬೀಳವೇಕೆ ಎಂಬ ಪ್ರಶ್ನೆಗೆ ಅವನ ಉತ್ತರ: ಭೂಮಿಯ ಮೇಲೆ ನೋಡುವವನು ಎಲ್ಲಿ ನಿಂತಿರುವನೋ ಆ ಸ್ಥಳವೇ ಅವನಿಗೆ ಮೇಲು; ಕೆಳಗೆ ಎಂಬ ಬೇರೆ ಕಡೆಯೇ ಇಲ್ಲ. ವ್ಯಾಖ್ಯಾನಕಾರನೊಬ್ಬನು ತಾನು ವ್ಯಾಖ್ಯಾನಿಸುವ ಗ್ರಂಥಕ್ಕೆ ವಿರುದ್ಧವಾಗಿ ಹೀಗೆ ನಿಷ್ಠುರವಾಗಿ ಬರೆದ ಉದಾಹರಣೆಗಳು ನಮ್ಮಲ್ಲಿ ವಿರಳ. ಆದರೂ ಹಕ್ಕಿಯ ಆಕ್ಷೇಪಕ್ಕೆ ಬೇಕಾದ ಉತ್ತರ ದೋಣಿಯ ಆರ್ಯೆಯಲ್ಲಿಲ್ಲ. ಅದು ತೋರಿಕೆಯ ವಿಷಯವನ್ನು ಮಾತ್ರ ಹೇಳುತ್ತದೆ: ನಾನು ಪೂರ್ವಕ್ಕೆ ಹೋದರೂ ದಡ ಪಶ್ಚಿಮಕ್ಕೆ ಹೋದರೂ ಕಣ್ಣಿಗೆ ಒಂದೇ. ದೋಣಿಯಿಂದ ಮೇಲಕ್ಕೆಸೆದ ಕಲ್ಲು ಎಲ್ಲಿ ಬೀಳುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಅದನ್ನು ಹೇಳಿದವನು ಇಟಲಿಯ ಗೆಲಿಲಿಯೋ, 1632ರಲ್ಲಿ. ಸಮವೇಗದಿಂದ ಸಾಗುವ ಹಡಗಿನ ಒಳಕೋಣೆಯಲ್ಲಿ ಚಿಟ್ಟೆಗಳು ಎಲ್ಲ ಕಡೆಗೂ ಒಂದೇ ರೀತಿ ಹಾರುತ್ತವೆ, ತೊಟ್ಟಿಕ್ಕುವ ನೀರು ನೇರ ಕೆಳಗಿನ ಪಾತ್ರೆಗೇ ಬೀಳುತ್ತದೆ. ಹಡಗು ನಿಂತಿದೆಯೋ ಚಲಿಸುತ್ತಿದೆಯೋ ಎಂಬುದನ್ನು ಒಳಗಿನ ಯಾವ ಪರೀಕ್ಷೆಯಿಂದಲೂ ತಿಳಿಯಲಾಗದು. ಹಡಗಿನ ಚಲನೆಯು ಒಳಗಿನ ವಸ್ತುಗಳಿಗೆಲ್ಲ ಸೇರಿಕೊಂಡೇ ಇರುತ್ತದೆ, ಕೈಬಿಟ್ಟೊಡನೆ ಕಳೆದುಹೋಗುವುದಿಲ್ಲ. 1640ರಲ್ಲಿ ಗಸೆಂದಿ ಎಂಬ ಫ್ರೆಂಚ್ ಪಾದ್ರಿಯು ಮಾರ್ಸೇಲಿನ ಬಳಿ ಚಲಿಸುವ ನೌಕೆಯ ಕೂವೆಮರದ ತುದಿಯಿಂದ ಕಲ್ಲುಗಳನ್ನು ಬೀಳಿಸಿ, ಅವು ಮರದ ಬುಡಕ್ಕೇ ಬೀಳುವುದನ್ನು ತೋರಿಸಿದನು. ಹಕ್ಕಿಯೂ ಗಾಳಿಯೂ ಭೂಮಿಯ ಚಲನೆಯಲ್ಲಿ ಪಾಲುಗೊಂಡಿವೆ; ಆದುದರಿಂದ ಗೂಡು ತಪ್ಪುವುದಿಲ್ಲ. ವರಾಹಮಿಹಿರನಿಗೆ ಉತ್ತರ ಬರಲು ಸಾವಿರ ವರ್ಷ ಹಿಡಿಯಿತು.

ಇನ್ನು ಕಾಲ ಮತ್ತು ದೂರಗಳ ಮಾತು. ದೋಣಿಗಾರನು ಹುಟ್ಟಿನಿಂದ ಹಲಗೆಯನ್ನು ಒಮ್ಮೆ ಬಡಿದು, ಹತ್ತು ಪ್ರಾಣಗಳು ಕಳೆದ ಮೇಲೆ ಮತ್ತೊಮ್ಮೆ ಬಡಿಯಲಿ. ಅವನಿಗೆ ಎರಡು ಬಡಿತಗಳೂ ಒಂದೇ ಸ್ಥಳದಲ್ಲಿ ಆದವು. ದೋಣಿಯು ಸೆಕೆಂಡಿಗೆ ಎರಡು ಮೀಟರಿನಂತೆ ಹೋಗುತ್ತಿದ್ದರೆ ದಡದವನಿಗೆ ಅವುಗಳ ನಡುವೆ 80 ಮೀಟರು ದೂರ. ಯಾರೂ ತಪ್ಪಿಲ್ಲ. ಭಿನ್ನಕಾಲದ ಎರಡು ಘಟನೆಗಳ ನಡುವಿನ ದೂರವು ನೋಡುವವನನ್ನು ಅವಲಂಬಿಸುತ್ತದೆ ಎಂಬುದು ಹೀಗೆ ಗೆಲಿಲಿಯೋವಿನ ಕಾಲಕ್ಕೇ ಸ್ಪಷ್ಟ. ಆದರೆ ಕಾಲವು ಇಬ್ಬರಿಗೂ ಹತ್ತೇ ಪ್ರಾಣಗಳೆಂದು ಅವನೂ, ಅವನ ಅನಂತರದ ನ್ಯೂಟನನೂ, ಸಂದೇಹವೇ ಇಲ್ಲದೆ ಇಟ್ಟುಕೊಂಡಿದ್ದರು.

1905ರಲ್ಲಿ ಸ್ವಿಟ್ಸರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿದ್ದ ಐನ್‌ಸ್ಟೈನನು ಆ ನಂಬಿಕೆಯನ್ನು ಬಿಡಿಸಿದನು. ಅವನು ಹಿಡಿದ ಆಧಾರಗಳು ಎರಡು. ಸಮವೇಗದ ನೌಕೆಯೊಳಗಿನ ಯಾವ ಪರೀಕ್ಷೆಯೂ ಅದರ ಚಲನೆಯನ್ನು ತೋರಿಸದು. ಶೂನ್ಯದಲ್ಲಿ ಬೆಳಕಿನ ವೇಗವು, ಅಂದರೆ ಸೆಕೆಂಡಿಗೆ 2,99,792 ಕಿಲೋಮೀಟರು, ಎಲ್ಲ ನೋಟಕರಿಗೂ ಒಂದೇ. ಎರಡನೆಯದು ವಿಚಿತ್ರವಾಗಿ ತೋರಿದರೂ, ಭೂಮಿಯ ಚಲನೆಯಿಂದ ಬೆಳಕಿನ ವೇಗದಲ್ಲಿ ಆಗಬೇಕೆಂದು ನಿರೀಕ್ಷಿಸಿದ್ದ ವ್ಯತ್ಯಾಸವು ಮೈಕೆಲ್ಸನ್ ಮತ್ತು ಮಾರ್ಲೆ ಅವರ 1887ರ ಪ್ರಯೋಗದಲ್ಲಿ ಕಾಣಲೇ ಇಲ್ಲ. ಇವೆರಡನ್ನೂ ಒಟ್ಟಿಗೆ ಒಪ್ಪಿದರೆ ಏನಾಗುತ್ತದೆಂಬುದನ್ನು ಆರ್ಯಭಟನ ದೋಣಿಯಲ್ಲಿಯೇ ನೋಡಬಹುದು.

ಬೆಳಕಿನ ವೇಗದ ಐದರಲ್ಲಿ ಮೂರು ಪಾಲಿನಷ್ಟು ವೇಗವುಳ್ಳ ದೋಣಿಯೊಂದನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳೋಣ. ಕಾಲವನ್ನು ಪ್ರಾಣಗಳಲ್ಲಿ ಅಳೆಯೋಣ. ಬೆಳಕು ಒಂದು ಪ್ರಾಣದಲ್ಲಿ ಕ್ರಮಿಸುವ ದೂರವನ್ನು, ಅಂದರೆ ಸುಮಾರು 12 ಲಕ್ಷ ಕಿಲೋಮೀಟರನ್ನು, ದೂರದ ಒಂದು ಮಾನವೆನ್ನೋಣ. ದೋಣಿಯ ಕೂವೆಮರದ ಎತ್ತರ ನಾಲ್ಕು ಮಾನ. ಬುಡದ ದೀಪವೊಂದು ಮಿನುಗಿ ಬೆಳಕು ತುದಿಯನ್ನು ಸೇರಲು ದೋಣಿಗಾರನ ಲೆಕ್ಕದಲ್ಲಿ ನಾಲ್ಕು ಪ್ರಾಣಗಳು. ದಡದವನಿಗೆ, ಬೆಳಕು ಏರುವಷ್ಟರಲ್ಲಿ ಮರವೂ ಮುಂದೆ ಹೋಗಿರುವುದರಿಂದ, ಬೆಳಕಿನ ದಾರಿ ಓರೆಯಾಗಿದೆ. ಮರದ ಎತ್ತರ ನಾಲ್ಕು, ದೋಣಿ ಸಾಗಿದ ದೂರ ಮೂರು, ಓರೆದಾರಿ ಐದು. ಇದು ಶುಲ್ಬಸೂತ್ರಕಾರರಿಗೂ ಗೊತ್ತಿದ್ದ ತ್ರಿಭುಜವೇ. ಬೆಳಕಿನ ವೇಗ ಅವನಿಗೂ ಅದೇ ಆದುದರಿಂದ ಕಾಲ ಐದು ಪ್ರಾಣಗಳು. ಒಂದೇ ಜೋಡಿ ಘಟನೆಗಳ ನಡುವೆ ದೋಣಿಯವನಿಗೆ ನಾಲ್ಕು, ದಡದವನಿಗೆ ಐದು. ದೀಪದ ಗಡಿಯಾರಕ್ಕೆ ಮಾತ್ರ ಇದು ಅನ್ವಯಿಸುವುದೆನ್ನುವಂತಿಲ್ಲ. ದೋಣಿಯಲ್ಲಿನ ಘಟಿಕಾಪಾತ್ರೆಯಾಗಲಿ ದೋಣಿಗಾರನ ನಾಡಿಯಾಗಲಿ ದೀಪದೊಡನೆ ಹೊಂದದೆ ಹೋದರೆ, ಆ ಹೊಂದದಿರುವಿಕೆಯೇ ದೋಣಿಯ ಚಲನೆಯನ್ನು ಒಳಗಿನವನಿಗೆ ತೋರಿಸಿಬಿಡುತ್ತದೆ. ಅದು ಮೊದಲನೆಯ ಆಧಾರಕ್ಕೆ ವಿರುದ್ಧ.

ದೂರವೂ ಹೀಗೆಯೇ. ದಡದ ಮೇಲೆ ಎರಡು ಕಡವುಗಳ ಅಂತರ 15 ಮಾನವಿರಲಿ. ದೋಣಿಗೆ ದಡದವರ ಲೆಕ್ಕದಲ್ಲಿ 25 ಪ್ರಾಣಗಳು ಬೇಕು; ದೋಣಿಯ ಗಡಿಯಾರದಲ್ಲಿ 20 ಮಾತ್ರ ಕಳೆಯುತ್ತವೆ. ದೋಣಿಗಾರನಿಗೆ ದಡವು ಅದೇ ವೇಗದಿಂದ ಹಿಂದಕ್ಕೆ ಹೋಗುತ್ತಿದೆ. 20 ಪ್ರಾಣಗಳಲ್ಲಿ ಹಿಂದೆ ಸರಿದ ದಡ 12 ಮಾನವಷ್ಟೆ. ಆದ್ದರಿಂದ ಅವನ ಅಳತೆಯಲ್ಲಿ ಕಡವುಗಳ ಅಂತರವೇ 12.

ಇಲ್ಲಿ ಒಂದು ಶಂಕೆ ಏಳುವುದು ನ್ಯಾಯ. ದೋಣಿಗಾರನಿಗೆ ಚಲಿಸುವುದು ದಡ. ಅವನ ಪಾಲಿಗೆ ದಡದ ಗಡಿಯಾರಗಳೇ ನಿಧಾನ. ಅವನ 20 ಪ್ರಾಣಗಳಲ್ಲಿ ಅವು 16 ಮಾತ್ರ ನಡೆಯಬೇಕು. ಆದರೆ ಎರಡನೆಯ ಕಡವಿನ ಗಡಿಯಾರವನ್ನು ತಲುಪಿದಾಗ ಅದರಲ್ಲಿ 25 ಕಾಣುತ್ತದೆ! ಇದು ವಿರೋಧವಲ್ಲವೆ? ಅಲ್ಲ. ದಡದವರು ಎರಡು ಕಡವುಗಳ ಗಡಿಯಾರಗಳನ್ನು ಏಕಕಾಲಕ್ಕೆ ಹೊಂದಿಸಿಟ್ಟೆವೆನ್ನುತ್ತಾರೆ. ದೋಣಿಗಾರನ ಲೆಕ್ಕದಲ್ಲಿ ಅವು ಏಕಕಾಲದಲ್ಲಿ ಹೊಂದಿಲ್ಲ, ಎರಡನೆಯದು 9 ಪ್ರಾಣಗಳಷ್ಟು ಮುಂದಿತ್ತು. ವೇಗವನ್ನೂ ದಡದ ದೂರವನ್ನೂ ಗುಣಿಸಿದರೆ ಈ ಒಂಬತ್ತು ಬರುತ್ತದೆ: ಐದರಲ್ಲಿ ಮೂರು ಪಾಲು ಗುಣಿಸು ಹದಿನೈದು. ಒಂಬತ್ತಕ್ಕೆ ಹದಿನಾರನ್ನು ಕೂಡಿದರೆ 25. ‘ಏಕಕಾಲದಲ್ಲಿ’ ಎಂಬ ಮಾತೇ, ದೂರದೂರದ ಘಟನೆಗಳ ವಿಷಯದಲ್ಲಿ, ಯಾರಿಗೆ ಎಂದು ಹೇಳದ ಹೊರತು ಅಪೂರ್ಣ. ಸಿದ್ಧಾಂತದ ತಿರುಳು ಇದು. ಇದನ್ನು ಹಿಡಿಯದವರಿಗೆ ಉಳಿದುದೆಲ್ಲ ಇಂದ್ರಜಾಲವಾಗಿ ಕಾಣುತ್ತದೆ.

ಹಾಗಾದರೆ ಸ್ಥಿರವಾದುದು ಏನೂ ಇಲ್ಲವೆ? ಇದೆ. ದಡದವನ ಕಾಲದ ವರ್ಗದಿಂದ ದೂರದ ವರ್ಗವನ್ನು ಕಳೆಯಿರಿ: 625ರಲ್ಲಿ 225 ಹೋದರೆ 400. ದೋಣಿಗಾರನಿಗೆ ಎರಡು ಘಟನೆಗಳೂ ದೋಣಿಯಲ್ಲಿಯೇ ಆದುದರಿಂದ ದೂರ ಸೊನ್ನೆ. ಅವನ ಕಾಲದ ವರ್ಗ 400. ಮೂರನೆಯವನು ಬೇರೊಂದು ವೇಗದ ದೋಣಿಯಿಂದ ಅಳೆದರೂ 400. ಕಾಲ ಬೇರೆ, ದೂರ ಬೇರೆ. ಅವೆರಡರ ಈ ಸಂಬಂಧ ಎಲ್ಲರಿಗೂ ಒಂದೇ.

ಸ್ಯಾದ್ವಾದವೂ ಸಾಪೇಕ್ಷತಾ ಸಿದ್ಧಾಂತವೂ ಒಂದೇ ಎಂಬ ಮಾತು ನಮ್ಮ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಅಪೇಕ್ಷೆಯನ್ನು ಹೇಳದ ವಾಕ್ಯ ಅಪೂರ್ಣವೆಂಬಷ್ಟರಮಟ್ಟಿಗೆ ಸಾಮ್ಯವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸ್ಯಾದ್ವಾದವು ಅನಂತಧರ್ಮಾತ್ಮಕವಾದ ವಸ್ತುವನ್ನು ವಾಕ್ಯವು ಹೇಗೆ ಹೇಳಬಲ್ಲುದೆಂಬುದರ ವಿಚಾರ. ಇದು ಒಬ್ಬ ನೋಟಕನ ಅಳತೆಯಿಂದ ಇನ್ನೊಬ್ಬನ ಅಳತೆಯನ್ನು ಗಣಿಸುವ ನಿಯಮ. ಮಹಲನೋಬಿಸ್ ಅವರು 1954ರಲ್ಲಿ, ಹಾಲ್ಡೇನ್ ಅವರು 1957ರಲ್ಲಿ ಸಪ್ತಭಂಗಿಯನ್ನು ಆಧುನಿಕ ಗಣಿತದೊಡನೆ ಹೋಲಿಸಿ ಬರೆದಾಗ ಅವರು ತೆಗೆದುಕೊಂಡದ್ದು ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರವನ್ನು, ಸಾಪೇಕ್ಷತೆಯನ್ನಲ್ಲ. ಆ ಎಚ್ಚರ ನಮಗೂ ಇರಬೇಕು.

ಇದಕ್ಕೆ ಪ್ರತ್ಯಕ್ಷ ಪ್ರಮಾಣವೇನು? ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಸುಮಾರು 15 ಕಿಲೋಮೀಟರು ಎತ್ತರದಲ್ಲಿ ಮ್ಯುಆನ್ ಎಂಬ ಕಣಗಳು ಹುಟ್ಟುತ್ತವೆ. ನಿಶ್ಚಲ ಮ್ಯುಆನಿನ ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಪಾಲು; ಅಷ್ಟರಲ್ಲಿ ಬೆಳಕು ಕೂಡ 660 ಮೀಟರು ಮಾತ್ರ ಹೋಗಬಲ್ಲುದು. ಬೆಳಕಿನ ವೇಗದ 0.998 ಪಾಲಿನಿಂದ ಬರುವ ಕಣಗಳು ಹಳೆಯ ಲೆಕ್ಕದಲ್ಲಿ ಏಳೆಂಟು ನೂರು ಕೋಟಿಗೆ ಒಂದರಂತೆ ನೆಲ ಮುಟ್ಟಬೇಕು. ಹೊಸ ಲೆಕ್ಕದಲ್ಲಿ ನಾಲ್ಕಕ್ಕೆ ಸುಮಾರು ಒಂದು. ನಮ್ಮ ಪಾಲಿಗೆ ಕಣದ ಆಯುಸ್ಸು ಹದಿನಾರರಷ್ಟು ಹಿಗ್ಗಿದೆ. ಕಣದ ಪಾಲಿಗೆ 15 ಕಿಲೋಮೀಟರು ಕುಗ್ಗಿ ಒಂದು ಕಿಲೋಮೀಟರಿಗೂ ಕಡಿಮೆಯಾಗಿದೆ. ನೆಲ ಮುಟ್ಟುವುದಿರಲಿ, ಕೋಲಾರದ ಚಿನ್ನದ ಗಣಿಗಳ ಆಳಕ್ಕೂ ಇಳಿದ ಮ್ಯುಆನ್‌ಗಳನ್ನು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1950ರ ದಶಕದಿಂದ ಮೊದಲ್ಗೊಂಡು ಎಣಿಸಿದ್ದರು.

ಈಗ ನಮ್ಮ ಪಾಠಾಂತರಕ್ಕೆ ಮರಳೋಣ. ‘ಭೂಃ’ ಎಂದರೂ ‘ಭಂ’ ಎಂದರೂ ಒಂದೇ ಎನ್ನುವವರು ಒಂದು ಭೇದವನ್ನು ಗಮನಿಸುವುದಿಲ್ಲ. ಸಾಪೇಕ್ಷವೆಂದು ಹೇಳಿದುದು ಸಮವೇಗದ ನೇರ ಚಲನೆಯನ್ನು. ತಿರುಗುವಿಕೆ ಹಾಗಲ್ಲ, ತಿರುಗುವ ದೋಣಿಯನ್ನು ಕಣ್ಣು ಮುಚ್ಚಿಕೊಂಡೇ ತಿಳಿಯಬಹುದು. 1851ರಲ್ಲಿ ಫೂಕೋ ಎಂಬವನು ಪ್ಯಾರಿಸಿನ ಪ್ಯಾಂಥಿಯಾನ್ ಕಟ್ಟಡದಲ್ಲಿ 67 ಮೀಟರು ಉದ್ದದ ತಂತಿಗೆ ಗುಂಡು ಕಟ್ಟಿ ತೂಗಿಬಿಟ್ಟು, ಅದರ ತೂಗಾಟದ ದಿಕ್ಕು ಮೆಲ್ಲಮೆಲ್ಲನೆ ತಿರುಗುವುದನ್ನು ಜನರಿಗೆ ತೋರಿಸಿದನು. ನಕ್ಷತ್ರವನ್ನು ನೋಡದೆಯೇ ಭೂಭ್ರಮಣ ತಿಳಿಯಿತು.

ಇದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದುದು 1971ರ ಅಕ್ಟೋಬರಿನ ಪ್ರಯೋಗ. ಹಾಫಲೆ ಮತ್ತು ಕೀಟಿಂಗ್ ಎಂಬವರು ನಾಲ್ಕು ಸೀಸಿಯಂ ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕ ವಿಮಾನಗಳಲ್ಲಿ ಭೂಮಿಯ ಸುತ್ತ ಒಮ್ಮೆ ಪೂರ್ವಾಭಿಮುಖವಾಗಿಯೂ ಒಮ್ಮೆ ಪಶ್ಚಿಮಾಭಿಮುಖವಾಗಿಯೂ ಒಯ್ದು, ವಾಷಿಂಗ್‌ಟನ್ನಿನ ನೌಕಾ ವೀಕ್ಷಣಾಲಯದ ಗಡಿಯಾರಗಳೊಡನೆ ಹೋಲಿಸಿದರು. ಎತ್ತರದಲ್ಲಿ ಗುರುತ್ವ ಕಡಿಮೆಯಾದುದರಿಂದ ಎರಡು ಪ್ರಯಾಣಗಳಲ್ಲಿಯೂ ಗಡಿಯಾರ ಸ್ವಲ್ಪ ಮುಂದಾಗಬೇಕು. ಅದು ಬೇರೆ ಕಾರಣ. ಚಲನೆಯ ಪಾಲನ್ನು ಮಾತ್ರ ನೋಡೋಣ. ಭೂಮಿ ನಿಶ್ಚಲವಾಗಿದ್ದರೆ, ಚಲಿಸಿದ ಗಡಿಯಾರಗಳು ಎರಡು ದಿಕ್ಕಿನಲ್ಲಿಯೂ ಹಿಂದೆ ಬೀಳಬೇಕಾಗಿತ್ತು. ಭೂಮಿಯೇ ಪೂರ್ವಕ್ಕೆ ತಿರುಗುತ್ತಿದ್ದರೆ, ಪೂರ್ವಕ್ಕೆ ಹಾರಿದ ಗಡಿಯಾರಕ್ಕೆ ಭೂಮಿಯ ವೇಗವೂ ಕೂಡಿ ಅದು ಇನ್ನಷ್ಟು ನಿಧಾನವಾಗಬೇಕು. ಪಶ್ಚಿಮಕ್ಕೆ ಹಾರಿದುದು ಭೂಮಿಯ ವೇಗವನ್ನು ಕಳೆದುಕೊಂಡು ವಾಷಿಂಗ್‌ಟನ್ನಿನ ಗಡಿಯಾರಕ್ಕಿಂತ ಮುಂದಾಗಬೇಕು. ಎರಡು ಕಾರಣಗಳನ್ನೂ ಕೂಡಿಸಿ ಗಣಿಸಿದಾಗ ಬಂದುದು: ಪೂರ್ವದ ಯಾತ್ರೆಗೆ 40 ನ್ಯಾನೋಸೆಕೆಂಡು ನಷ್ಟ, ಪಶ್ಚಿಮದ ಯಾತ್ರೆಗೆ 275 ಲಾಭ. ಅಳೆದಾಗ ದೊರೆತದ್ದು 59 ನಷ್ಟ, 273 ಲಾಭ. ಗಣಿತದ ಮತ್ತು ಅಳತೆಯ ಅನಿಶ್ಚಿತತೆಗಳೊಳಗೆ ಎರಡೂ ಹೊಂದುತ್ತವೆ. ನ್ಯಾನೋಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲು. ಉಪಗ್ರಹಗಳಿಂದ ಸ್ಥಾನನಿರ್ಣಯ ಮಾಡುವ ಇಂದಿನ ವ್ಯವಸ್ಥೆಗಳಲ್ಲಿಯೂ ಈ ಪೂರ್ವಪಶ್ಚಿಮ ಭೇದವನ್ನು ಗಣಿಸಲೇಬೇಕಾಗಿದೆ.

ಆದ್ದರಿಂದ ‘ಕು’ ಎಂದು ಹೇಳಿ ಪೂರ್ವದಿಕ್ಕನ್ನು ಸೂಚಿಸಿದ ಆರ್ಯಭಟನ ಮಾತು ಕೇವಲ ಒಂದು ದೃಷ್ಟಿಯಲ್ಲ; ನಿರ್ಣಯಿಸಬಹುದಾದ ವಿಷಯ, ನಿರ್ಣಯವೂ ಆಗಿದೆ. ಅವನಿಗೆ ಕಾಲದ ಸಾಪೇಕ್ಷತೆ ಗೊತ್ತಿತ್ತೆಂದು ಇದರಿಂದ ಸಿದ್ಧವಾಗುವುದಿಲ್ಲ. ದೋಣಿಯ ಆರ್ಯೆಯಲ್ಲಿ ಕಾಲದ ಮಾತಿಲ್ಲ, ಅಳತೆಯ ಮಾತೂ ಇಲ್ಲ. ಹಿಂದಿನವರು ತಮ್ಮ ನಿಶ್ಚಲಭೂಮಿಯನ್ನು ಪಾಠದಲ್ಲಿ ಸೇರಿಸಿದಂತೆಯೇ ಇಂದಿನವರು ಐನ್‌ಸ್ಟೈನನನ್ನು ಅರ್ಥದಲ್ಲಿ ಸೇರಿಸುತ್ತಿದ್ದಾರೆ. ಹಿಂದಿನವರು ಒಂದು ಅಕ್ಷರವನ್ನಾದರೂ ಬದಲಿಸಿ ಗುರುತು ಉಳಿಸಿದರು. ಈ ಹೊಸ ತಿದ್ದುಪಡಿಗೆ ಗುರುತೂ ಇರುವುದಿಲ್ಲ.

ಸಂಪಾದಕರ ಕರ್ತವ್ಯ ಇಲ್ಲಿ ಇಷ್ಟೆ: ‘ಭೂಃ’ ಎಂಬುದನ್ನು ಮೂಲಪಾಠದಲ್ಲಿಟ್ಟು, ‘ಭಂ’ ಎಂಬುದನ್ನು ಅದನ್ನು ಹಿಡಿದ ವ್ಯಾಖ್ಯಾನಕಾರರ ಹೆಸರಿನೊಡನೆ ಅಡಿಟಿಪ್ಪಣಿಯಲ್ಲಿ ಕಾಣಿಸುವುದು. ಬಸದಿಗಳ, ಮಠಗಳ, ಮನೆತನಗಳ ಭಂಡಾರಗಳಲ್ಲಿ ಆರ್ಯಭಟೀಯದ ಅಥವಾ ಅದರ ವ್ಯಾಖ್ಯಾನಗಳ ಪ್ರತಿಗಳನ್ನು ನೋಡುವ ಅವಕಾಶವುಳ್ಳವರು ಗೀತಿಕಾಪಾದದ ಆ ಒಂದು ಅಕ್ಷರವನ್ನು ಗರಿಯ ಸಂಖ್ಯೆಯೊಡನೆ ಗುರುತುಮಾಡಿಕೊಳ್ಳಬೇಕು. ಅಲ್ಲಿ ಕೊಂಬನ್ನು ಹೆರೆದ ಗುರುತಾಗಲಿ, ಎರಡನೆಯ ಸೊನ್ನೆಯ ಅವಶೇಷವಾಗಲಿ ಕಂಡುಬಂದರೆ ಅದನ್ನೂ ಬರೆದುಕೊಳ್ಳುವುದು ಉಚಿತ.